ಶ್ರಾಪ್‌ಶೈರ್‌ನ ಬೀಗವಿಲ್ಲದ ಬಾಗಿಲುಗಳು

ಬಾಗಿಲಿಗೆ ಬೀಗ ಇರಲಿಲ್ಲ. ಕಬ್ಬಿಣದ ಚಿಲಕ ಎತ್ತಿ ತಳ್ಳಿದೆ, ತೆರೆಯಿತು. ಒಳಗೆ ಯಾರೂ ಇಲ್ಲ. ಟಿಕೆಟ್ ಕೌಂಟರ್ ಇಲ್ಲ, ಕಾವಲುಗಾರ ಇಲ್ಲ, ಲೈಟು ಕೂಡ ಇಲ್ಲ. ಕಿಟಕಿಯಿಂದ ಬಂದ ಬಿಸಿಲು ಹಳೇ ಮರದ ಬೆಂಚುಗಳ ಮೇಲೆ ಚೌಕಾಕಾರವಾಗಿ ಬಿದ್ದಿತ್ತು. ಹಿಂದೆ ಬಂದ ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟರು. "ಯಾರೂ ಇಲ್ವಲ್ಲಮ್ಮ, ನಾವು ಒಳಕ್ಕೆ ಹೋಗ್ಬೋದಾ?" ಅಂದರು. ಹೋಗಬಹುದು ಅತ್ತೆ, ಬನ್ನಿ ಅಂದೆ. ಶೂ ಬಿಡಬೇಕಾ ಅಂತ ಕೇಳಿದರು. ಬೇಡ ಅಂದರೂ ಬಿಟ್ಟೇ ಬಂದರು. ತಣ್ಣನೆಯ ನೆಲದ ಮೇಲೆ ಉಲ್ಲನ್ ಸಾಕ್ಸ್ ಹಾಕಿಕೊಂಡು, ಸದ್ದಾಗದ ಹಾಗೆ ನಡೆದು, ಒಂದು ಬೆಂಚಿನ ತುದಿಯಲ್ಲಿ ಕೂತರು.

ಇದು ಲ್ಯಾಂಗ್ಲಿ ಚಾಪೆಲ್. ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಯಲ್ಲಿ, ಹೊಲಗಳ ನಡುವೆ ಒಂಟಿಯಾಗಿ ನಿಂತಿರುವ ಪುಟ್ಟ ಪ್ರಾರ್ಥನಾ ಮಂದಿರ. ಸುತ್ತ ಊರಿಲ್ಲ. ಒಂದು ಕಾಲಕ್ಕೆ ಇದ್ದ ಜನ ಒಬ್ಬೊಬ್ಬರೇ ಬಿಟ್ಟುಹೋದರು. 1871ರಲ್ಲಿ ಇಲ್ಲಿ ಕೊನೆಯ ಬಾರಿಗೆ ವಾಡಿಕೆಯ ಪ್ರಾರ್ಥನೆ ನಡೆಯಿತು. ಜನ ಹೋದದ್ದರಿಂದಲೇ ಒಳಗಿನದೆಲ್ಲ ಹಾಗೇ ಉಳಿಯಿತು. ಬೇರೆ ಊರುಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಳೇ ಮರದ ಕೆಲಸ ಕಿತ್ತುಹಾಕಿ ಹೊಸದು ಮಾಡಿದರು. ಇಲ್ಲಿ ಮಾಡಿಸಬೇಕು ಅನ್ನೋರೇ ಇರಲಿಲ್ಲ. ಹಾಗಾಗಿ 400 ವರ್ಷ ಹಿಂದಿನ ಹಳ್ಳಿ ಜನ ಎಲ್ಲಿ ಕೂರುತ್ತಿದ್ದರೋ ಅಲ್ಲೇ ನಾವೂ ಕೂರಬಹುದು. ಮುಂದೆ ಸಾಹುಕಾರರಿಗೆ ಬಾಗಿಲಿರುವ ಪೆಟ್ಟಿಗೆಯಂಥ ಆಸನಗಳು. ಹಿಂದೆ ಉಳಿದವರಿಗೆ ಸಾದಾ ಬೆಂಚು. ಹಾಡುವವರಿಗೆ ಅಂತ ತೀರಾ ಹಿಂದೆ ಒಂದು ಮೇಜು. ಬೆಂಚಿನ ಅಂಚನ್ನು ಮುಟ್ಟಿ ನೋಡಿದೆ. ಕೈಗಳು ಸವರಿ ಸವರಿ ನಮ್ಮ ಮನೆಯ ಹಳೇ ಒನಕೆಯ ಹಾಗೆ ನುಣ್ಣಗಾಗಿತ್ತು.

"ರಾತ್ರಿ ಹೊತ್ತಾದ್ರೂ ಬೀಗ ಹಾಕಕಿಲ್ವಾ?" ಅಂತ ಅತ್ತೆ ಹೊರಗೆ ಬಂದ ಮೇಲೂ ಎರಡು ಸಲ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಆ ಬೇಸಿಗೆ ಪೂರ್ತಿ ನಾವಿಬ್ಬರೂ ಈ ಕೌಂಟಿಯಲ್ಲಿ ಹುಡುಕಿಕೊಂಡು ಹೋದದ್ದು ಇಂಥ ಜಾಗಗಳನ್ನೇ.

ನಾನಿರೋದು ವುಲ್ವರ್‌ಹ್ಯಾಂಪ್ಟನ್‌ನಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಮೋಟಾರ್‌ವೇ ಟೆಲ್‌ಫರ್ಡ್ ತನಕ ಬಂದು ಮುಗಿದುಹೋಗುತ್ತದೆ. ಅಲ್ಲಿಂದಾಚೆ ವೇಲ್ಸ್ ಗಡಿಯವರೆಗೆ ಗುಡ್ಡ, ಹೊಲ, ಕುರಿ, ಎತ್ತರದ ಬೇಲಿಗಳ ನಡುವೆ ಸಣ್ಣ ರಸ್ತೆಗಳು. ಕೊಡಗಿನ ಜೊತೆ ಹೋಲಿಸಿದರೆ ನಮಗೆ ಬೇಗ ಅಂದಾಜು ಸಿಗುತ್ತದೆ. ಶ್ರಾಪ್‌ಶೈರ್ ಸುಮಾರು 3,500 ಚದರ ಕಿಲೋಮೀಟರ್, ಅಂದರೆ ಕೊಡಗಿಗಿಂತ ಸ್ವಲ್ಪ ಚಿಕ್ಕದು. ಜನ, ಟೆಲ್‌ಫರ್ಡ್ ಸೇರಿಸಿದರೂ, ಸುಮಾರು 5 ಲಕ್ಷ. ಸಮುದ್ರ ಇಲ್ಲ. ಸೆವರ್ನ್ ನದಿ ಇದೆ. ಚಾರ್ಲ್ಸ್ ಡಾರ್ವಿನ್ ಹುಟ್ಟಿದ ಶ್ರೂಸ್‌ಬರಿ ಇಲ್ಲಿಯ ಮುಖ್ಯ ಊರು.

ಇಲ್ಲಿಗೆ ಬರೋರು ಸಾಮಾನ್ಯವಾಗಿ ಎರಡು ಕಡೆ ಹೋಗಿ ವಾಪಸ್ ಆಗುತ್ತಾರೆ. ಐರನ್‌ಬ್ರಿಜ್‌ನ ಹಳೇ ಕಬ್ಬಿಣದ ಸೇತುವೆ, ಲಡ್ಲೋ ಕೋಟೆ. ಎರಡೂ ಚೆನ್ನಾಗಿವೆ, ನೋಡಿ. ನಾನೂ ಬಂದ ಮೊದಲ ವರ್ಷ ಒಂದು ಟೂರ್ ಕಂಪನಿಯ ಬಸ್ಸಿನಲ್ಲಿ ಅದನ್ನೇ ನೋಡಿದ್ದೆ. ಒಂದೇ ದಿನದಲ್ಲಿ ನಾಲ್ಕು ಊರು, ಊರಿಗೆ 25 ನಿಮಿಷ. ಎಲ್ಲಿ ಇಳಿದೆವು, ಎಲ್ಲಿ ಹತ್ತಿದೆವು ಅನ್ನೋದೇ ನೆನಪಿಲ್ಲ. ಫೋಟೋ ಇವೆ, ಆದರೆ ಅವು ಯಾವ ಊರಿನವು ಅಂತ ಕೇಳಿದರೆ ಹೇಳಲಾರೆ. ಅದಕ್ಕೇ ಅತ್ತೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಿಂದ ಬಂದಾಗ ಒಂದು ತೀರ್ಮಾನ ಮಾಡಿದೆ: ದಿನಕ್ಕೆ ಒಂದೇ ಜಾಗ, ಜಾಸ್ತಿ ಅಂದರೆ ಎರಡು.

ಲ್ಯಾಂಗ್ಲಿಯಿಂದ ಎರಡು ಕಿಲೋಮೀಟರ್ ಆಚೆ ಆಕ್ಟನ್ ಬರ್ನೆಲ್ ಅಂತ ಹಳ್ಳಿ ಇದೆ. ಅಲ್ಲಿ ಕೆಂಪು ಕಲ್ಲಿನ ಒಂದು ಪಾಳು ಮನೆ. ಕೋಟೆ ಅಂತ ಕರೆಯುತ್ತಾರೆ, ಆದರೆ ನೋಡಿದರೆ ದೊಡ್ಡ ಮನೆಯೇ. ಒಂದನೇ ಎಡ್ವರ್ಡ್ ರಾಜನ ಚಾನ್ಸಲರ್, ಅಂದರೆ ದೊಡ್ಡ ಮಂತ್ರಿ, ಆಗಿದ್ದ ರಾಬರ್ಟ್ ಬರ್ನೆಲ್ ಕಟ್ಟಿಸಿದ್ದು. 1283ರಲ್ಲಿ ರಾಜ ತನ್ನ ಸಂಸತ್ತನ್ನು ಈ ಹಳ್ಳಿಗೆ ಕರೆತಂದ. ಸಾಮಾನ್ಯ ಜನರ ಪ್ರತಿನಿಧಿಗಳೂ ಕೂತ ಮೊದಮೊದಲ ಸಭೆಗಳಲ್ಲಿ ಇದೂ ಒಂದು. ಅದು ನಡೆದದ್ದು ಅರಮನೆಯಲ್ಲಲ್ಲ, ಒಂದು ದೊಡ್ಡ ಕಣಜದಲ್ಲಿ ಅಂತ ಇಲ್ಲಿಯ ಮಾತು. ಆ ಕಣಜದ ಎರಡು ತುದಿಗೋಡೆಗಳು ಇವತ್ತಿಗೂ ನಿಂತಿವೆ, ನಡುವೆ ಬರೀ ಹುಲ್ಲು. ಅಲ್ಲಿ ಆದ ಕಾನೂನು ಯಾವುದು ಗೊತ್ತಾ? ಸಾಲ ವಸೂಲಿಯದು. ಮೇಯರ್ ಮುಂದೆ ಸಾಲ ಬರೆಸಬೇಕು, ಹೇಳಿದ ದಿನ ಕೊಡದಿದ್ದರೆ ಸಾಲಗಾರನ ಸಾಮಾನು ಮಾರಿ ವ್ಯಾಪಾರಿಗೆ ದುಡ್ಡು ಕೊಡಿಸಬೇಕು. ಅತ್ತೆಗೆ ಇದು ಕೂಡಲೇ ಅರ್ಥವಾಯಿತು. ಅವರ ಅಪ್ಪ ಬೆಲ್ಲದ ವ್ಯಾಪಾರ ಮಾಡಿದವರು. ಉದ್ರಿ ಬರೆದಿಟ್ಟ ಉದ್ದನೆಯ ಪುಸ್ತಕವನ್ನು ಅವರು ಸತ್ತ ಮೇಲೂ ಮನೆಯಲ್ಲಿ ಎಷ್ಟೋ ವರ್ಷ ಇಟ್ಟುಕೊಂಡಿದ್ದರಂತೆ. ಆ ಹುಲ್ಲಿನ ಮೇಲೆ ನಿಂತು ಅವರು ಆ ಕಥೆ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳೇ ಇರಲಿಲ್ಲ.

ಹೀಗೇ ಇನ್ನೊಂದು ಊರು, ಮಚ್ ವೆನ್‌ಲಾಕ್. ಹೆಸರು ಕೇಳಿದರೆ ಏನೂ ಹೊಳೆಯೋದಿಲ್ಲ. ಆದರೆ ಇವತ್ತಿನ ಒಲಿಂಪಿಕ್ಸ್‌ನ ಒಂದು ಬೇರು ಇಲ್ಲಿದೆ. ವಿಲಿಯಂ ಪೆನ್ನಿ ಬ್ರೂಕ್ಸ್ ಅಂತ ಈ ಊರಿನ ಡಾಕ್ಟರ್. ದುಡಿಯೋ ಜನರ ಮೈ ಗಟ್ಟಿಯಾಗಬೇಕು, ಅವರಿಗೂ ಆಟ ಬೇಕು ಅಂತ 1850ರಲ್ಲಿ ವೆನ್‌ಲಾಕ್ ಒಲಿಂಪಿಯನ್ ಕ್ರೀಡೆ ಶುರು ಮಾಡಿದ. ಓಟ, ಕ್ರಿಕೆಟ್, ಫುಟ್‌ಬಾಲ್ ಜೊತೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಳ್ಳುಗಾಡಿ ಓಡಿಸೋ ಸ್ಪರ್ಧೆ ಇತ್ತು. ವಯಸ್ಸಾದ ಹೆಂಗಸರಿಗೆ ಒಂದು ಓಟ, ಗೆದ್ದವರಿಗೆ ಒಂದು ಪೌಂಡ್ ಟೀ ಪುಡಿ. 1890ರಲ್ಲಿ ಫ್ರಾನ್ಸಿನಿಂದ, ಮುಂದೆ ಇವತ್ತಿನ ಒಲಿಂಪಿಕ್ಸ್ ಶುರು ಮಾಡಿಸಿದ ಪಿಯರ್ ದ ಕೂಬರ್ತಾ ಇದನ್ನು ನೋಡಲು ಬಂದ, ಊರಿನ ಮೈದಾನದಲ್ಲಿ ಒಂದು ಓಕ್ ಸಸಿ ನೆಟ್ಟ. ಆರು ವರ್ಷದ ನಂತರ ಅಥೆನ್ಸ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಅದನ್ನು ನೋಡಲು ಬ್ರೂಕ್ಸ್ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ, 1895ರ ಡಿಸೆಂಬರಿನಲ್ಲಿ, ತೀರಿಕೊಂಡಿದ್ದ.

ಆ ಓಕ್ ಮರ ಇದೆ. ನಾವು ಹೋದಾಗ ಅದರ ಹತ್ತಿರ ಹುಡುಗರು ಫುಟ್‌ಬಾಲ್ ಒದೆಯುತ್ತಿದ್ದರು. 2012ರ ಲಂಡನ್ ಒಲಿಂಪಿಕ್ಸ್‌ನ ಗೊಂಬೆಗೆ ವೆನ್‌ಲಾಕ್ ಅಂತ ಹೆಸರಿಟ್ಟಿದ್ದು ಈ ಊರಿನಿಂದಲೇ. ಜುಲೈನಲ್ಲಿ ಹೋದರೆ ಈಗಲೂ ನಡೆಯೋ ಆ ಕ್ರೀಡೆಗಳನ್ನು ನೋಡಬಹುದು. ಹತ್ತಿರದ ವೆನ್‌ಲಾಕ್ ಎಡ್ಜ್ ಅನ್ನೋ ಉದ್ದನೆಯ ಏಣು ಸುಣ್ಣದ ಕಲ್ಲಿನದು. ಸುಮಾರು 42 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಹವಳಗಳು ಸೇರಿ ಆದದ್ದು. ಕಾಲುದಾರಿಯ ಕಲ್ಲುಗಳಲ್ಲೇ ಹವಳದ ಗುರುತು ಕಾಣುತ್ತದೆ. ಅಲ್ಲಿ ಒಂದು ಗಂಟೆ ನಡೆದರೆ ಸಾಕು.

ಮಿಚೆಲ್ಸ್ ಫೋಲ್ಡ್ ಬಗ್ಗೆ ಮಾತ್ರ ಒಂದು ಗಂಟೆ ಸಾಕು ಅಂತ ಹೇಳಲಾರೆ.

ಅದು ವೇಲ್ಸ್ ಗಡಿಗೆ ತಾಗಿಕೊಂಡಂತೆ ಇರುವ ಬಯಲು ಗುಡ್ಡ. ಕಾರು ಬಿಟ್ಟು ಕಾಲು ಗಂಟೆ ನಡೆದರೆ ಹುಲ್ಲಿನ ನಡುವೆ ಕಲ್ಲುಗಳ ಒಂದು ವೃತ್ತ. 3,000 ವರ್ಷಕ್ಕೂ ಹಿಂದೆ, ಕಂಚಿನ ಯುಗದ ಜನ ನಿಲ್ಲಿಸಿದ್ದು. ಮೊದಲು 30ರಷ್ಟು ಕಲ್ಲು ಇದ್ದವು ಅಂತಾರೆ, ಈಗ ಕಾಣೋದು 15. ಕೆಲವು ಬಿದ್ದಿವೆ, ಕೆಲವು ಮೊಣಕಾಲೆತ್ತರ, ಒಂದೆರಡು ಆಳೆತ್ತರ. ಸ್ಟೋನ್‌ಹೆಂಜ್ ನೋಡಿದವರಿಗೆ ಇದು ಚಿಕ್ಕದಾಗಿ ಕಾಣಬಹುದು. ಆದರೆ ಸ್ಟೋನ್‌ಹೆಂಜ್‌ನಲ್ಲಿ ಹಗ್ಗದ ಆಚೆ ನಿಂತು ನೋಡಬೇಕು. ಇಲ್ಲಿ ಕಲ್ಲಿಗೆ ಬೆನ್ನು ಕೊಟ್ಟು ಕೂರಬಹುದು. ನಾನು ಕೂತ ಕಲ್ಲಿನ ಒಂದು ಮಗ್ಗುಲಿಗೆ ಬೂದು ಹಳದಿ ಕಲ್ಲುಹೂವು ಬೆಳೆದಿತ್ತು. ಇನ್ನೊಂದು ಮಗ್ಗುಲು ಮಾತ್ರ ನಯವಾಗಿತ್ತು, ಬಿರುಕಿನಲ್ಲಿ ಬಿಳೀ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ಕುರಿಗಳು ಮೈ ತುರಿಸಿಕೊಂಡು ತುರಿಸಿಕೊಂಡು ಹಾಗಾಗಿದೆ. ಎಷ್ಟು ತಲೆಮಾರಿನ ಕುರಿಗಳೋ!

ಈ ಕಲ್ಲುಗಳಿಗೆ ಒಂದು ಕಥೆ ಇದೆ. ಒಮ್ಮೆ ಬರಗಾಲ ಬಂತು. ಜನಕ್ಕೆ ತಿನ್ನಲು ಏನೂ ಇಲ್ಲ. ಆಗ ಈ ಗುಡ್ಡಕ್ಕೆ ಒಂದು ಬಿಳೀ ಹಸು ಬಂತು. ಯಾರು ಬಂದರೂ ಹಾಲು ಕೊಡುತ್ತಿತ್ತು, ಆದರೆ ಒಬ್ಬರಿಗೆ ಒಂದೇ ಪಾತ್ರೆ. ಊರೆಲ್ಲ ಅದರಿಂದ ಬದುಕಿತು. ಒಂದು ರಾತ್ರಿ ಒಬ್ಬ ಮಾಟಗಾತಿ ಬಂದು ಪಾತ್ರೆಯ ಬದಲು ಜರಡಿ ಹಿಡಿದು ಕರೆದಳು. ಜರಡಿ ತುಂಬೋದೇ ಇಲ್ಲ, ಹಾಲೆಲ್ಲ ನೆಲದ ಪಾಲು. ಹಸುವಿಗೆ ಮೋಸ ಗೊತ್ತಾಯಿತು. ಅದು ಗುಡ್ಡ ಬಿಟ್ಟು ಹೋಯಿತು, ಮತ್ತೆ ಬರಲೇ ಇಲ್ಲ. ಮಾಟಗಾತಿ ಕಲ್ಲಾದಳು, ಅವಳು ತಪ್ಪಿಸಿಕೊಳ್ಳದಿರಲಿ ಅಂತ ಸುತ್ತ ಕಲ್ಲು ನೆಟ್ಟರು. ಹತ್ತಿರದ ಮಿಡಲ್ಟನ್ ಅನ್ನೋ ಹಳ್ಳಿಯ ಚರ್ಚಿನಲ್ಲಿ ಕಂಬದ ತಲೆಯ ಮೇಲೆ ಈ ಹಸುವನ್ನೂ ಜರಡಿಯನ್ನೂ ಕೆತ್ತಿದ್ದಾರೆ.

ನಾನು ಇದನ್ನು ಸುಮ್ನೆ ಒಂದು ಕಥೆ ಅಂತ ಹೇಳಿದೆ. ಅತ್ತೆ ಸುಮ್ನೆ ಕೇಳಲಿಲ್ಲ. ಅವರು ಮೂವತ್ತು ವರ್ಷ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದವರು. "ಜರಡಿ ಹಿಡುದ್ಲಾ? ಜರಡಿಗೆ ಕರೆದ್ರೆ ಆ ಹಸೀನ ಗತಿ ಏನಮ್ಮ? ಕೆಚ್ಚಲು ಬತ್ತೋ ಗಂಟ ಎಳ್ದವ್ಳೆ ಅವ್ಳು" ಅಂತ ಎದ್ದು ನಿಂತು, ಯಾವುದು ಆ ಹೆಂಗಸಿನ ಕಲ್ಲು ಅಂತ ಕೇಳಿದರು. ಎತ್ತರದ್ದೊಂದನ್ನು ತೋರಿಸಿದೆ. ಅದರ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು. ಏನು ಅಂದುಕೊಂಡರೋ ನಾನು ಕೇಳಲಿಲ್ಲ.

ಇನ್ನು ಮೋರ್ಟನ್ ಸೇ. ಇದನ್ನು ಬರೆಯೋದಕ್ಕೆ ನನಗೆ ಕಷ್ಟ, ಆದರೆ ಬಿಡೋ ಹಾಗಿಲ್ಲ.

ಕೌಂಟಿಯ ಉತ್ತರದಲ್ಲಿ ಮಾರ್ಕೆಟ್ ಡ್ರೇಟನ್ ಊರಿನ ಹತ್ತಿರ ಇದೊಂದು ಸಣ್ಣ ಹಳ್ಳಿ. ರಾಬರ್ಟ್ ಕ್ಲೈವ್ ಹುಟ್ಟಿದ್ದು ಇಲ್ಲೇ ಪಕ್ಕದ ಸ್ಟೈಚ್ ಹಾಲ್‌ನಲ್ಲಿ, 1725ರಲ್ಲಿ. ಪ್ಲಾಸಿ ಯುದ್ಧದ ಕ್ಲೈವ್. ಶಾಲೆಯಲ್ಲಿ 1757 ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅವನೇ. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು ಈಸ್ಟ್ ಇಂಡಿಯಾ ಕಂಪನಿಗೆ ಸಿಗೋ ಹಾಗೆ ಮಾಡಿದ. ಐದು ವರ್ಷದಲ್ಲಿ ಅಲ್ಲಿ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. 1774ರಲ್ಲಿ ಲಂಡನ್ನಿನ ಮನೆಯಲ್ಲಿ ಕ್ಲೈವ್ ಸತ್ತ. ತಾನೇ ಪ್ರಾಣ ಕಳೆದುಕೊಂಡ ಅನ್ನೋ ಮಾತು ಅವತ್ತಿನಿಂದಲೂ ಇದೆ. ಹೆಣವನ್ನು ಈ ಹಳ್ಳಿಯ ಸೇಂಟ್ ಮಾರ್ಗರೆಟ್ಸ್ ಚರ್ಚಿಗೆ ತಂದು, ಗುರುತಿನ ಕಲ್ಲಿಲ್ಲದೆ ಹೂತರು. ಇಂಗ್ಲೆಂಡಿನ ದೊಡ್ಡ ಶ್ರೀಮಂತರಲ್ಲಿ ಒಬ್ಬನ ಸಮಾಧಿ ಸರಿಯಾಗಿ ಎಲ್ಲಿದೆ ಅಂತ ತೋರಿಸಲು ಒಂದು ಚಪ್ಪಡಿ ಕೂಡ ಇಲ್ಲ. ಗೋಡೆಯಲ್ಲಿ ಒಂದು ಚಿಕ್ಕ ಫಲಕ ಮಾತ್ರ. ಅದರಲ್ಲಿ ಲ್ಯಾಟಿನ್‌ನಲ್ಲಿ ಮೂರು ಪದ: ಪ್ರೈಮಸ್ ಇನ್ ಇಂಡಿಸ್. ಇಂಡಿಯಾದಲ್ಲಿ ಮೊದಲಿಗ ಅಂತ.

ನಾವು ಹೋದ ದಿನ ಆ ಬಾಗಿಲೂ ತೆರೆದಿತ್ತು. ಒಳಗೆ ಹೂದಾನಿಯ ನೀರಿನ ವಾಸನೆ, ಮೇಣದ ವಾಸನೆ. ನಾನು ಫಲಕ ಓದಿ ಹೇಳಿದೆ. "ಇಷ್ಟೇನಾ?" ಅಂದರು ಅತ್ತೆ. ಇಷ್ಟೇ. ನನಗೆ ಸಿಟ್ಟು ಬರುತ್ತದೆ ಅಂದುಕೊಂಡು ಹೋಗಿದ್ದೆ. ಬಂದದ್ದು ದುಃಖ. ಯಾರಿಗಾಗಿ ಅಂದರೆ, ಆ ಕ್ಷಾಮದಲ್ಲಿ ಸತ್ತವರಿಗಾಗಿ. ಅವರಿಗೂ ಕಲ್ಲಿಲ್ಲ, ಆದರೆ ಅವರ ಹೆಸರನ್ನು ಯಾರೂ ಯಾವ ಗೋಡೆಯಲ್ಲೂ ಬರೆದಿಲ್ಲ. ಶ್ರೂಸ್‌ಬರಿಯ ಚೌಕದಲ್ಲಿ ಇವನದೇ ದೊಡ್ಡ ಕಂಚಿನ ಪ್ರತಿಮೆ ಇದೆ, 1860ರದ್ದು. ಅದನ್ನು ತೆಗೆಯಿರಿ ಅಂತ 2020ರಲ್ಲಿ ಸಾವಿರಾರು ಜನ ಸಹಿ ಹಾಕಿದರು. ಕೌನ್ಸಿಲ್ ಉಳಿಸಿಕೊಂಡಿತು. ನನ್ನ ಮಾತು ಕೇಳೋದಾದರೆ, ಆ ಪ್ರತಿಮೆಯ ಕೆಳಗೆ ಫೋಟೋ ತೆಗೆಸಿಕೊಳ್ಳುವ ಮೊದಲು ಒಮ್ಮೆ ಮೋರ್ಟನ್ ಸೇಗೆ ಹೋಗಿ ಬನ್ನಿ. ಎರಡನ್ನೂ ನೋಡಿದಾಗಲೇ ಲೆಕ್ಕ ಸರಿಹೋಗೋದು.

ಈ ಮನೆತನದ ಕಥೆ ಶ್ರೀರಂಗಪಟ್ಟಣಕ್ಕೂ ಬರುತ್ತದೆ. ಕ್ಲೈವ್‌ನ ಮಗ ಎಡ್ವರ್ಡ್ 1798ರಲ್ಲಿ ಮದ್ರಾಸಿನ ಗವರ್ನರ್ ಆದ. ಮರುವರ್ಷ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. 1800ರಲ್ಲಿ ಎಡ್ವರ್ಡ್‌ನ ಹೆಂಡತಿ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣದ ಕಡೆ ತಿಂಗಳುಗಟ್ಟಲೆ ಪ್ರಯಾಣ ಮಾಡಿದಳು. ಟಿಪ್ಪುವಿನ ಡೇರೆ ಮತ್ತು ಅವನ ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲಿ ಒಂದು ಈಗ ಹೆನ್ರಿಯೆಟ್ಟಾಳ ತವರುಮನೆಯಾದ ಪೋವಿಸ್ ಕೋಟೆಯಲ್ಲಿವೆ. ಅದು ಶ್ರಾಪ್‌ಶೈರ್ ಗಡಿ ದಾಟಿದ ಕೂಡಲೇ, ವೇಲ್ಸ್‌ನ ವೆಲ್ಶ್‌ಪೂಲ್ ಊರಲ್ಲಿದೆ. ಹುಲಿತಲೆ ಒಂದು ಮುಷ್ಟಿಯಷ್ಟೇ ಇದೆ, ಕೆಂಪು ಹಸಿರು ಕಲ್ಲು ಕೂರಿಸಿದ್ದಾರೆ. ಅತ್ತೆ ಅದರ ಮುಂದೆ ನಿಲ್ಲಲಿಲ್ಲ. ಡೇರೆಯ ಬಟ್ಟೆಯ ಮುಂದೆ ನಿಂತರು. ಹತ್ತಿ ಬಟ್ಟೆಯ ಮೇಲೆ ಸಾಲು ಸಾಲಾಗಿ ಹೂವಿನ ಕುಂಡ, ಬಳ್ಳಿ, ಎಲೆ. ಬಟ್ಟೆ ಹಾಳಾಗಬಾರದು ಅಂತ ಆ ಕೋಣೆಯಲ್ಲಿ ಬೆಳಕು ಕಡಿಮೆ. "ದರಿಯಾ ದೌಲತ್ ಗೋಡೇಲಿ ಐತಲ್ಲ, ಅದೇ ಥರ ಬಳ್ಳಿ" ಅಂದರು. ಗಂಜಾಂನಲ್ಲಿ ಹುಟ್ಟಿ ಬೆಳೆದವರು ಅವರು. ಚಿಕ್ಕಂದಿನಲ್ಲಿ ಆ ತೋಟದಲ್ಲಿ ಹುಣಸೆಕಾಯಿ ತಿನ್ನುತ್ತಾ ಓಡಾಡಿದವರು. ಅಲ್ಲಿಂದ ಇಲ್ಲಿಗೆ ಬಂದ ಈ ಬಟ್ಟೆಯನ್ನು ಕ್ಲೈವ್ ಮನೆಯವರು ತೋಟದ ಪಾರ್ಟಿಗಳಲ್ಲಿ ಹಾಕುತ್ತಿದ್ದರಂತೆ. ಅದನ್ನು ಅತ್ತೆಗೆ ನಾನು ಹೇಳಲಿಲ್ಲ. ಇಲ್ಲಿಗೆ ಮಾತ್ರ ಟಿಕೆಟ್ ಇದೆ, ಬೀಗವೂ ಇದೆ, ಗಾಜೂ ಇದೆ.

ವಾಪಸ್ ಬರೋವಾಗ ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ದಾರಿಯಲ್ಲಿ ಒಂದು ತೋಟದ ಗೇಟಿನ ಪಕ್ಕ ಮರದ ಪೆಟ್ಟಿಗೆ, ಅದರಲ್ಲಿ ಆರಾರು ಮೊಟ್ಟೆಯ ಡಬ್ಬಿಗಳು, ಪಕ್ಕದಲ್ಲಿ ದುಡ್ಡು ಹಾಕಲು ಒಂದು ಹಳೇ ಬಿಸ್ಕೆಟ್ ಡಬ್ಬ. ಮಾರೋರು ಯಾರೂ ಇಲ್ಲ. ಇದು ಇಲ್ಲಿಯ ಹಳ್ಳಿಗಳಲ್ಲಿ ಮಾಮೂಲು. ಅತ್ತೆ ಇಳಿದು, ನನ್ನಿಂದ ಚಿಲ್ಲರೆ ತಗೊಂಡು, ಒಂದೊಂದೇ ನಾಣ್ಯ ಎಣಿಸಿ ಡಬ್ಬಕ್ಕೆ ಹಾಕಿದರು. ಹಾಕಿದ ಮೇಲೆ ಡಬ್ಬ ಎತ್ತಿ ಅಲ್ಲಾಡಿಸಿ ನೋಡಿದರು. ಮನೆಗೆ ಹೋಗಿ ಆ ಮೊಟ್ಟೆಗೆ ಈರುಳ್ಳಿ ಮೆಣಸು ಹಾಕಿ ಪಲ್ಯ ಮಾಡಿದರು.

ನೀರಿನ ಜಾಗ ಇಷ್ಟ ಇರೋರು ಉತ್ತರದ ವಿಕ್ಸಲ್ ಮಾಸ್‌ಗೆ ಹೋಗಿ. ಇದು ಜೌಗು. ಮಳೆ ನೀರನ್ನೇ ಕುಡಿದು ಬೆಳೆದ ಪಾಚಿ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದದ್ದು. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿ ಇದರ ನಡುವೆಯೇ ಹಾಯುತ್ತದೆ. ಒಣಗಿದ ಪಾಚಿಮಣ್ಣನ್ನು, ಪೀಟ್ ಅಂತಾರಲ್ಲ, ಮೊದಲು ಒಲೆಗೆ, ಆಮೇಲೆ ನರ್ಸರಿ ಕುಂಡಗಳಿಗೆ ಅಂತ ಕಡಿದು ಕಡಿದು ಜೌಗು ಸಾಯೋ ಸ್ಥಿತಿಗೆ ಬಂದಿತ್ತು. 1990ರಲ್ಲಿ ಅದನ್ನು ನಿಲ್ಲಿಸಿ ಸಂರಕ್ಷಿತ ಜಾಗ ಮಾಡಿದರು. ಕಾಲುವೆಗಳಿಗೆ ಕಟ್ಟೆ ಹಾಕಿ ನೀರು ನಿಲ್ಲಿಸಿದರು, ಪಾಚಿ ಮತ್ತೆ ಬೆಳೆಯುತ್ತಿದೆ. ಕೀಟ ತಿನ್ನೋ ಸಂಡ್ಯೂ ಗಿಡ ಅಲ್ಲಿ ಬೆರಳ ಉಗುರಿನಷ್ಟು ಚಿಕ್ಕದಾಗಿ, ಕೆಂಪಗೆ, ಎಲೆತುಂಬ ಅಂಟಿನ ಹನಿಗಳೊಂದಿಗೆ ಇರುತ್ತದೆ. ಗುರುತು ಮಾಡಿದ ದಾರಿ ಬಿಟ್ಟು ಇಳಿಯಬೇಡಿ, ಕಾಲು ಹೂತುಹೋಗುತ್ತದೆ.

ಹೋಗೋರಿಗೆ ಕೆಲವು ಮಾತು. ಲ್ಯಾಂಗ್ಲಿ, ಆಕ್ಟನ್ ಬರ್ನೆಲ್, ಮಿಚೆಲ್ಸ್ ಫೋಲ್ಡ್ ಮೂರನ್ನೂ ಇಂಗ್ಲಿಷ್ ಹೆರಿಟೇಜ್ ಅನ್ನೋ ಸಂಸ್ಥೆ ನೋಡಿಕೊಳ್ಳುತ್ತದೆ, ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ರಸ್ತೆಗಳು ಒಂದೇ ಕಾರಿನಷ್ಟು ಅಗಲ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ತೆಗೆಯೋದು ನಾವೇ. ಫೋನ್ ಸಿಗ್ನಲ್ ಗುಡ್ಡದಲ್ಲಿ ಹೋಗುತ್ತದೆ, ಹಾಗಾಗಿ ಕಾಗದದ ಮ್ಯಾಪ್ ಇಟ್ಟುಕೊಳ್ಳಿ. ಹೊಲದ ಗೇಟು ತೆಗೆದರೆ ಮುಚ್ಚಲೇಬೇಕು. ಕುರಿ ಆಚೆ ಹೋದರೆ ಒಬ್ಬ ರೈತನ ಇಡೀ ದಿನ ಹಾಳು. ಹಳ್ಳಿ ಪಬ್‌ಗಳಲ್ಲಿ ಮಧ್ಯಾಹ್ನದ ನಂತರ ಸಂಜೆವರೆಗೆ ಅಡುಗೆಮನೆ ಮುಚ್ಚಿರುತ್ತದೆ. ನಾವಂತೂ ಪ್ರತಿ ಸಲ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡೇ ಹೋಗಿದ್ದು.

ಕೊನೆಗೆ ಹೋದದ್ದು ಸ್ನೇಲ್‌ಬೀಚ್‌ಗೆ, ಆಗಸ್ಟ್ ಮಧ್ಯದಲ್ಲಿ. ಇದು ಸೀಸದ ಗಣಿಯ ಹಳ್ಳಿ. ಈ ಭಾಗದಲ್ಲಿ ರೋಮನ್ನರೇ ಸೀಸ ತೆಗೆದಿದ್ದರು, ಹೇಡ್ರಿಯನ್ ಚಕ್ರವರ್ತಿಯ ಹೆಸರು ಒತ್ತಿದ ಸೀಸದ ಗಟ್ಟಿ ಇಲ್ಲಿ ಸಿಕ್ಕಿದೆ. 19ನೇ ಶತಮಾನದಲ್ಲಿ ನೂರಾರು ಜನ ದುಡಿದರು. ಈಗ ಎಂಜಿನ್ ಮನೆ, ಕಮ್ಮಾರಸಾಲೆ, ಪುಟ್ಟ ರೈಲಿನ ಶೆಡ್ಡು ಮರಗಳ ನಡುವೆ ಖಾಲಿ ನಿಂತಿವೆ. ಕೆಜಿಎಫ್‌ನ ಮುಚ್ಚಿದ ಶಾಫ್ಟುಗಳನ್ನು ನೋಡಿದವರಿಗೆ ಇಲ್ಲಿಯ ನಿಶ್ಶಬ್ದ ಯಾವ ಥರದ್ದು ಅಂತ ಬೇರೆ ಹೇಳಬೇಕಿಲ್ಲ. 1895ರ ಮಾರ್ಚ್ 6ರ ಬೆಳಿಗ್ಗೆ, ಜಾರ್ಜ್ಸ್ ಶಾಫ್ಟ್‌ನಲ್ಲಿ ಕೆಲಸಕ್ಕೆ ಇಳಿಯುತ್ತಿದ್ದ ತೊಟ್ಟಿಲಿನ ಹಗ್ಗ ಕಡಿದು ಏಳು ಜನ ಸತ್ತರು. ಒಂದೇ ಬೆಳಿಗ್ಗೆ, ಏಳು ಜೀವ. ಆ ಗುಂಡಿಯ ಬಾಯಿಗೆ ಈಗ ಕಬ್ಬಿಣದ ಜಾಲರಿ ಇದೆ. ಬಗ್ಗಿ ನೋಡಿದರೆ ತಣ್ಣನೆ ಗಾಳಿ ಮುಖಕ್ಕೆ ತಾಗುತ್ತದೆ.

ಅಲ್ಲಿಂದ ಮೇಲಕ್ಕೆ ಹತ್ತಿದರೆ ಸ್ಟಿಪರ್‌ಸ್ಟೋನ್ಸ್. 536 ಮೀಟರ್ ಎತ್ತರದ ಏಣು, ಅದರ ಬೆನ್ನ ಮೇಲೆ ಮುರಿದ ಹಲ್ಲುಗಳ ಹಾಗೆ ಬಿಳಿಬೂದು ಬಂಡೆಗಳು, 48 ಕೋಟಿ ವರ್ಷ ಹಳೆಯವು. ಒಂದು ಬಂಡೆಗುಂಪಿಗೆ ದೆವ್ವದ ಕುರ್ಚಿ ಅಂತಲೇ ಹೆಸರು. ದೆವ್ವ ಸೆರಗಿನ ತುಂಬ ಕಲ್ಲು ಹೊತ್ತು ಬಂದು, ಸುಸ್ತಾಗಿ ಇಲ್ಲಿ ಕೂತು, ಏಳೋವಾಗ ಸೆರಗಿನ ದಾರ ಕಿತ್ತು ಕಲ್ಲೆಲ್ಲ ಚೆಲ್ಲಿಹೋಯಿತಂತೆ. ಮೋಡ ಕವಿದ ದಿನ ದೆವ್ವ ಕುರ್ಚಿಯಲ್ಲಿ ಕೂತಿದೆ ಅಂತಾರೆ. ಆಗಸ್ಟಿನಲ್ಲಿ ಗುಡ್ಡ ಪೂರ್ತಿ ಹೆದರ್ ಹೂವಿನ ನೇರಳೆ ಬಣ್ಣ. ಹೂವಿನ ನಡುವೆ ಮೊಣಕಾಲಿಗಿಂತ ಕೆಳಗೆ ಸಣ್ಣ ಪೊದೆಗಳು, ಅದರಲ್ಲಿ ಕಪ್ಪುನೀಲಿ ಹಣ್ಣು. ಪುಸ್ತಕದಲ್ಲಿ ಬಿಲ್‌ಬೆರಿ ಅಂತ ಇರುತ್ತದೆ, ಇಲ್ಲಿಯವರು ವಿನ್‌ಬೆರಿ ಅಂತಾರೆ. ಗಣಿ ಕೂಲಿ ಸಾಲದ ಮನೆಗಳಲ್ಲಿ ಹೆಂಗಸರು ಮಕ್ಕಳು ಇದನ್ನು ಕಿತ್ತು ಮಾರಿ, ಆ ದುಡ್ಡಿನಲ್ಲಿ ಚಳಿಗಾಲದ ಶೂ ಕೊಳ್ಳುತ್ತಿದ್ದರು.

ಅತ್ತೆಗೆ ಮಂಡಿ ನೋವು. ಬಂಡೆಯವರೆಗೆ ಬರೋದಿಲ್ಲ ಅಂದರು. ದಾರಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹಣ್ಣು ಕೀಳೋಕೆ ಶುರು ಮಾಡಿದರು. ಎಲೆ ಅಡಿಯಿಂದ ಬೆರಳು ಹಾಕಿ, ಹಿಸುಕದ ಹಾಗೆ, ಎರಡು ಬೆರಳಲ್ಲೇ ಬಿಡಿಸಿ ಅಂಗೈಗೆ ಬೀಳಿಸಿಕೊಳ್ಳೋದು. ಆ ಕಡೆಯಿಂದ ನಾಯಿ ಕರೆದುಕೊಂಡು ಬಂದ ಒಬ್ಬ ವಯಸ್ಸಾದ ಹೆಂಗಸು ನಿಂತು ನೋಡಿ, ತಾನೂ ಬಗ್ಗಿ, ಪೊದೆಯ ಆಚೆ ಮಗ್ಗುಲಲ್ಲಿ ಜಾಸ್ತಿ ಇದೆ ಅಂತ ಕೈಸನ್ನೆಯಲ್ಲಿ ತೋರಿಸಿದರು. ಅತ್ತೆಗೆ ಇಂಗ್ಲಿಷ್ ಬರೋದಿಲ್ಲ. ಇಬ್ಬರೂ ಹತ್ತು ನಿಮಿಷ ಮಾತಿಲ್ಲದೆ ಪಕ್ಕಪಕ್ಕ ಕಿತ್ತರು. ಹೋಗೋವಾಗ ಅವರು ತಮ್ಮ ಕೈಲಿದ್ದ ಹಣ್ಣನ್ನೆಲ್ಲ ಅತ್ತೆಯ ಡಬ್ಬಿಗೆ ಸುರಿದು ಹೋದರು.

ನಾನು ಬಂಡೆ ಹತ್ತಿ ಇಳಿದು ಬರೋವಷ್ಟರಲ್ಲಿ ವೇಲ್ಸ್ ಕಡೆಯಿಂದ ಮೋಡ ಬಂದು ಕುರ್ಚಿಯನ್ನು ಮುಚ್ಚಿತ್ತು. ಚಿತ್ರಾನ್ನ ತಂದಿದ್ದ ಸ್ಟೀಲ್ ಡಬ್ಬಿ ಮುಕ್ಕಾಲು ತುಂಬಿತ್ತು. ಅತ್ತೆಯ ಬೆರಳುಗಳು, ತುಟಿ, ಸೀರೆಯ ಸೆರಗಿನ ತುದಿ ಎಲ್ಲ ನೇರಳೆ. "ಇನ್ನೊಂದ್ ಪೊದೆ ಐತೆ ಇರು" ಅಂದರು. ಮಳೆ ಹನಿ ಶುರುವಾಗಿತ್ತು. ನಾನೂ ಪಕ್ಕದಲ್ಲಿ ಕೂತು ಕೀಳತೊಡಗಿದೆ.